ಬಾಡಿಗೆಯನ್ನು ಕಟ್ಟಿಹಾಕಿದ ಊರು

ಮುಂಬೈಯ ಗಿರಗಾಂವ್ ಕಡೆಯ ಹಳೆಯ ಚಾಳುಗಳಲ್ಲಿ ತಿಂಗಳಿಗೆ ನೂರಿನ್ನೂರು ರೂಪಾಯಿ ಬಾಡಿಗೆ ಕಟ್ಟುವವರು ಈಗಲೂ ಇದ್ದಾರೆ. ಅಲ್ಲೇ ಹೊಸ ಕಟ್ಟಡದಲ್ಲಾದರೆ ಅಷ್ಟೇ ಜಾಗಕ್ಕೆ ಹತ್ತಾರು ಸಾವಿರ. ಇದು 1947ರ ಬಾಡಿಗೆ ನಿಯಂತ್ರಣ ಕಾಯ್ದೆಯ ಫಲ. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಊರಿಗೆ ಜನ ನುಗ್ಗುತ್ತಿದ್ದರು. ಮಾಲೀಕರು ಬಾಯಿಗೆ ಬಂದಷ್ಟು ಕೇಳಬಾರದೆಂದು ಸರ್ಕಾರ ಬಾಡಿಗೆಯನ್ನು 1940ರ ಮಟ್ಟದಲ್ಲೇ ನಿಲ್ಲಿಸಿತು. ಆ ಹೊತ್ತಿಗೆ ಅದು ತಪ್ಪೇನಲ್ಲ. ಆದರೆ ತಾತ್ಕಾಲಿಕವೆಂದು ಬಂದ ಕಾಯ್ದೆ ಅವಧಿ ವಿಸ್ತರಿಸಿಕೊಳ್ಳುತ್ತಾ ಅರ್ಧ ಶತಮಾನ ಬಾಳಿತು!

ಬಂದ ಬಾಡಿಗೆಯಲ್ಲಿ ಸುಣ್ಣಬಣ್ಣದ ಖರ್ಚೂ ಹುಟ್ಟದಾದಾಗ ಮಾಲೀಕರು ದುರಸ್ತಿಯ ಗೋಜಿಗೇ ಹೋಗಲಿಲ್ಲ. ಮರದ ತೊಲೆಗಳಿಗೆ ನೀರಿಳಿಯಿತು; ಮಳೆಗಾಲದಲ್ಲಿ ಕಟ್ಟಡ ಕುಸಿಯುವುದು ಮಾಮೂಲಾಯಿತು. ಕೊನೆಗೆ 1969ರಲ್ಲಿ ಸರ್ಕಾರವೇ ಸೆಸ್ ಹಾಕಿ, ದುರಸ್ತಿಗೊಂದು ಮಂಡಳಿ ರಚಿಸಬೇಕಾಯಿತು. ಇತ್ತ ‘ಪಗಡಿ’ ಬೆಳೆಯಿತು. ಹೊಸಬ ಒಳಬರಬೇಕಾದರೆ ಹಳೆಯ ಬಾಡಿಗೆದಾರನಿಗೆ ದೊಡ್ಡ ಗಂಟು ಕೊಡಬೇಕು, ಅದರಲ್ಲಿ ಮಾಲೀಕನಿಗೂ ಪಾಲು. ರಸೀದಿಯಲ್ಲಿ ಬಾಡಿಗೆ ಅಗ್ಗ. ನಿಜವಾದ ಬೆಲೆ ರಸೀದಿಯಿಲ್ಲದೆ ಕೈ ಬದಲಾಯಿಸುತ್ತಿತ್ತು.

ಲಾಭ ಯಾರಿಗೆ? ಮೊದಲೇ ಒಳಗಿದ್ದವರಿಗೆ. ಅವರಲ್ಲಿ ಬಡವರಿದ್ದರು, ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ಇದ್ದವು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಹೋಟೆಲಿನಲ್ಲೇ ಮಲಗುತ್ತಿದ್ದ ದಕ್ಷಿಣ ಕನ್ನಡದ ಹುಡುಗರಂಥವರಿಗೆ ಅಗ್ಗದ ಖೋಲಿ ಇದ್ದೂ ಇಲ್ಲದಂತೆಯೇ. ಪಗಡಿಗೆ ದುಡ್ಡೆಲ್ಲಿಂದ ತರಬೇಕು? ನಗರನೀತಿ ರೂಪಿಸುವಾಗ ಇನ್ನೂ ಊರಿಗೆ ಬಾರದವನ ಪರವಾಗಿ ಮಾತಾಡುವವರೇ ಇರುವುದಿಲ್ಲ.

ಕೊಟ್ಟ ರಕ್ಷಣೆಯನ್ನು ಹಿಂಪಡೆಯುವುದೂ ಸುಲಭವಲ್ಲ. 1997ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಹಳೆಯ ಮಟ್ಟದ ಬಾಡಿಗೆ ನ್ಯಾಯವಲ್ಲವೆಂದಿತು. 1999ರ ಹೊಸ ಕಾಯ್ದೆ ಬ್ಯಾಂಕು, ದೊಡ್ಡ ಕಂಪನಿಗಳನ್ನು ಹೊರಗಿಟ್ಟಿತು. ಉಳಿದವರಿಗೆ ವರ್ಷಕ್ಕೆ ಶೇ 4ರ ಏರಿಕೆಯಷ್ಟೇ. ಪಗಡಿಗೂ ಕಾನೂನಿನ ಮುದ್ರೆ ಬಿತ್ತು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿಗೂ, ನನ್ನ ಪ್ರಕಾರ, ಇಂಥದ್ದೇ ಬೇರು. ಬಾಡಿಗೆದಾರ ಮನೆ ಬಿಡದಿದ್ದರೆ ಕೋರ್ಟಿಗೆ ಅಲೆಯಬೇಕೆಂಬ ಮಾಲೀಕರ ಭಯ ಸುಳ್ಳಲ್ಲ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ 1.1 ಕೋಟಿ ಮನೆ ಖಾಲಿ ಇದ್ದುದಕ್ಕೆ ಆ ಭಯವೂ ಒಂದು ಕಾರಣ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ, ಜೊತೆಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯವೂ ಇರಲಿ ಎನ್ನುತ್ತದೆ. ಮೊದಲನೆಯದನ್ನು ಮಾತ್ರ ಜಾರಿಗೆ ತಂದರೆ ಮಿಕ್ಕ ಎಂಟು ತಿಂಗಳ ಹಣವನ್ನು ಮಾಲೀಕರು ಇನ್ನಾವುದೋ ಹೆಸರಿನಲ್ಲಿ, ಕೈಬರಹದ ಚೀಟಿಯೂ ಇಲ್ಲದೆ ಪಡೆಯುತ್ತಾರೆ.