ಭಕ್ತಿಯೂ ರೂಢಿಯೂ ಕಲಿಕೆಗೆ ಶತ್ರುಗಳಲ್ಲ

ಭಕ್ತಿ ಪ್ರಶ್ನೆಗಳನ್ನು ಅಡಗಿಸುತ್ತದೆ, ನಿತ್ಯದ ರೂಢಿ ಮನಸ್ಸನ್ನು ಯಂತ್ರವಾಗಿಸುತ್ತದೆ, ಆದ್ದರಿಂದ ಬದುಕಿಡೀ ಕಲಿಯಬಯಸುವವರು ಎರಡನ್ನೂ ಬಿಡಬೇಕು ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಅರ್ಥ ತಿಳಿಯದ ಬಾಯಿಪಾಠ ಕಲಿಕೆಯಲ್ಲ ಎಂಬುದು ನಿಜ. ಉಳಿದದ್ದನ್ನು ಒಪ್ಪಲಾರೆ.

ಭಕ್ತಿ ಪ್ರಶ್ನೆಯನ್ನು ಅಡಗಿಸುವುದಾದರೆ ಹನ್ನೆರಡನೆಯ ಶತಮಾನದ ಶರಣರನ್ನು ಎಲ್ಲಿಡೋಣ? ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ವಚನದಲ್ಲೇ ತರಾಟೆಗೆ ತೆಗೆದುಕೊಂಡಳು. ಆ ಧೈರ್ಯ, ಆ ಮಾತು ಅವಳಿಗೆ ಬಂದದ್ದು ಶರಣರ ಸಂಗದಿಂದಲೇ.

ಇನ್ನು ರೂಢಿ. ಕರ್ನಾಟಕ ಸಂಗೀತ ಕಲಿಯುವ ಮಗು ಇಂದಿಗೂ ಮಾಯಾಮಾಳವಗೌಳದ ಸರಳೆ ವರಸೆಯಿಂದಲೇ ಶುರು ಮಾಡುತ್ತದೆ. ಆ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ನೆನೆಯುತ್ತದೆ. ಅದೇ ಏಳು ಸ್ವರ. ಮೊದಲು ಒಂದನೇ ಕಾಲ, ಆಮೇಲೆ ಎರಡು, ಮೂರು. ತಾಳ ಹಾಕುವ ಕೈ ತಪ್ಪಿದರೆ ಮತ್ತೆ ಮೊದಲಿನಿಂದ. ಹೊರಗಿನಿಂದ ನೋಡಿದರೆ ಇದು ಯಾಂತ್ರಿಕವೇ. ಆದರೆ ಮುಂದೆ ಮನೋಧರ್ಮದಿಂದ ರಾಗ ವಿಸ್ತರಿಸುವ ಶಕ್ತಿ ಕೂಡುವುದು ಈ ಸಾಧನೆಯಲ್ಲೇ. ಇದಿಲ್ಲದೆ ಆ ಸ್ವಾತಂತ್ರ್ಯ ಗಳಿಸಿದ ಒಬ್ಬ ಗಾಯಕರನ್ನಾದರೂ ಲೇಖಕರು ಹೆಸರಿಸಲಿ.

ವಯಸ್ಸಾದವರು ಗುಡಿಗೆ ಅಂಟಿಕೊಂಡು ಹೊಸತನ್ನು ಕಲಿಯಲಾರರು ಎಂಬ ಮಾತಂತೂ ನೋವು ತಂದಿತು. ಕೇರಳದ ಕಾರ್ತ್ಯಾಯಿನಿ ಅಮ್ಮ ದೇವಸ್ಥಾನಗಳನ್ನು ಗುಡಿಸಿ ಬದುಕು ಸಾಗಿಸಿದವರು. 2018ರಲ್ಲಿ, 96ರ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಇಂಥವರಿಗೆ ಬೇಕಾದದ್ದು ಊರಲ್ಲೇ ಒಂದು ಸಂಜೆ ತರಗತಿ, ದಪ್ಪ ಅಕ್ಷರದ ಪುಸ್ತಕ, ತಾಳ್ಮೆಯ ಮೇಷ್ಟ್ರು. ಆ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.