ರೇವಾ ಆಟಿಕೆಯಾಗಿರಲಿಲ್ಲ

‘ರೇವಾ ಒಂದು ಆಟಿಕೆ, ಅದಕ್ಕೇ ಮುಳುಗಿತು’ ಎಂಬುದು ಕಳೆದ ವಾರ ಇದೇ ಪತ್ರಿಕೆಯಲ್ಲಿ ಬಂದ ಲೇಖನದ ತೀರ್ಪು. ನಾನು ಖಂಡಿತ ಒಪ್ಪಲಾರೆ.

2001ರಲ್ಲಿ ಈ ವಿದ್ಯುತ್ ಕಾರು ಬೆಂಗಳೂರಿನ ರಸ್ತೆಗಿಳಿದಾಗ ಲಿಥಿಯಂ ಬ್ಯಾಟರಿ ಕೈಗೆಟುಕುವ ಮಾತೇ ಆಗಿರಲಿಲ್ಲ. ಅದನ್ನು ರೂಪಿಸಿದ ಚೇತನ್ ಮೈನಿ ಅವರ ತಂಡದ ಬಳಿ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ. ಅಂಥ ಎಂಟನ್ನು ಮುಂದಿನ ಸೀಟಿನಡಿ ಜೋಡಿಸಿ, ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುವ ಕಾರು ಕೊಟ್ಟರು. ನಮ್ಮ ಬೀದಿಯಲ್ಲೂ ಒಂದಿತ್ತು. ರಾತ್ರಿ ಕಿಟಕಿಯಿಂದ ವೈರು ಇಳಿಬಿಟ್ಟು, ಗೀಸರಿಗೆ ಬಳಸುವಂಥದೇ 15 ಆಂಪಿಯರ್ ಪ್ಲಗ್ಗಿನಿಂದ ಚಾರ್ಜ್ ಮಾಡುತ್ತಿದ್ದರು. ಬೆಳಗ್ಗೆ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು, ಮಡಿಲಲ್ಲಿ ಚೀಲ. ಗಾಡಿ ಸದ್ದಿಲ್ಲದೆ ಶಾಲೆಯ ಕಡೆ ಹೊರಡುತ್ತಿತ್ತು. ವರ್ಷಗಟ್ಟಲೆ ಹೀಗೆ ದುಡಿದ ಗಾಡಿಯನ್ನು ಆಟಿಕೆ ಎನ್ನುವುದು ಅನ್ಯಾಯ.

ಕೊರತೆಗಳಿದ್ದವು, ನಿಜ. ಬ್ಯಾಟರಿ ಕೆಲವೇ ವರ್ಷಕ್ಕೆ ಸೋಲುತ್ತಿತ್ತು. ಜಿ-ವಿಜ್ ಹೆಸರಿನಲ್ಲಿ ಲಂಡನ್ನಿಗೆ ಹೋದಾಗ 2007ರ ಅಪಘಾತ ಪರೀಕ್ಷೆಯಲ್ಲಿ ಕೆಟ್ಟದಾಗಿ ಎಡವಿತು. ಆ ಟೀಕೆ ಸರಿಯೇ. ಆದರೆ ಅದೇ ಲಂಡನ್ ದಟ್ಟಣೆ ಶುಲ್ಕದಿಂದ ವಿನಾಯಿತಿ ಕೊಟ್ಟಿತು, ಜನ ಕೊಂಡರು. ಇಲ್ಲಿ? ವಿದ್ಯುತ್ ವಾಹನಗಳಿಗೆ ಸಹಾಯಧನ ಕೊಟ್ಟ ಕೇಂದ್ರದ ಫೇಮ್ ಯೋಜನೆ ಬಂದದ್ದೇ 2015ರಲ್ಲಿ. ಅಷ್ಟರಲ್ಲಿ ಕಂಪನಿ ಮಹೀಂದ್ರದ ಪಾಲಾಗಿ ಐದು ವರ್ಷ ಕಳೆದಿತ್ತು, ಹಳೆಯ ರೇವಾದ ತಯಾರಿಕೆಯೂ ನಿಂತಿತ್ತು. ಈ ಲೆಕ್ಕವನ್ನೇ ಲೇಖಕರು ಬಿಟ್ಟಿದ್ದಾರೆ. 2013ರಲ್ಲಿ ಮಹೀಂದ್ರ ಹೊರತಂದ ಇ2ಒ ಕಾರು ಹುಟ್ಟಿದ್ದು ರೇವಾ ಕಲಿಸಿದ ವಿದ್ಯೆಯಿಂದಲೇ ಎಂಬುದನ್ನೂ.