ಚಹದಂಗಡಿಯಲ್ಲಿ ಉಳಿದ ವಿಶ್ವವಿದ್ಯಾಲಯ

ಯುದ್ಧ ಬಂತೆಂದರೆ ಮೊದಲು ಕತ್ತರಿ ಬೀಳುವುದು ವಿದ್ಯೆಗೆ. ಸೈನ್ಯಕ್ಕೆ ಅನ್ನ ಬೇಕು, ಕಾರ್ಖಾನೆಗೆ ಕಬ್ಬಿಣ ಬೇಕು. ಓದನ್ನು ಶಾಂತಿಯಾದ ಮೇಲೆ ನೋಡಿಕೊಂಡರಾಯಿತು ಎಂಬ ಮಾತು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ. 2022ರಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಉಕ್ರೇನಿನ ಖಾರ್ಕಿವ್ ನಗರದ ಮಕ್ಕಳು ನೆಲದಡಿಯ ರೈಲುನಿಲ್ದಾಣಗಳಲ್ಲಿ ಪಾಠ ಕಲಿತುದನ್ನೂ, 2023ರ ಬಳಿಕ ಗಾಜಾದಲ್ಲಿ ವಿಶ್ವವಿದ್ಯಾಲಯಗಳ ಕಟ್ಟಡಗಳು ನೆಲಸಮವಾದುದನ್ನೂ ನಮ್ಮ ವಾಚಕರು ಬಲ್ಲರು. ಕಟ್ಟಡವೇ ಹೋದ ಮೇಲೆ ವಿಶ್ವವಿದ್ಯಾಲಯ ಉಳಿಯುವುದೆಲ್ಲಿ? ಚೀನಾದೇಶ ಹಿಂದೊಮ್ಮೆ ಇದಕ್ಕೆ ಕೊಟ್ಟ ಉತ್ತರವನ್ನು ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳು ಅವಶ್ಯವಾಗಿ ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ.

1937ರ ಜುಲೈ ತಿಂಗಳ ಕೊನೆಯಲ್ಲಿ ಜಪಾನೀಯರು ತ್ಯೆನ್‌ಜಿನ್ ನಗರದ ನಾನ್‌ಕೈ ವಿಶ್ವವಿದ್ಯಾಲಯದ ಮೇಲೆ ಬಾಂಬು ಸುರಿಸಿದರು. ಪೀಕಿಂಗ್ ಮತ್ತು ತ್ಸಿಂಗ್‌ಹುವಾ ವಿಶ್ವವಿದ್ಯಾಲಯಗಳಿದ್ದ ಇಂದಿನ ಬೀಜಿಂಗ್ ನಗರವೂ ಶತ್ರುವಶವಾಯಿತು. ಈ ಮೂರೂ ಒಂದುಗೂಡಿ ಮೊದಲು ಚಾಂಗ್‌ಶಾದಲ್ಲಿ ಪಾಠ ತೊಡಗಿದವು. ಯುದ್ಧ ಅಲ್ಲಿಗೂ ಬೆನ್ನಟ್ಟಿ ಬಂದಾಗ, 1938ರ ಆರಂಭದಲ್ಲಿ, ಬರ್ಮಾದೇಶಕ್ಕೆ ಹೊಂದಿಕೊಂಡ ಯುನ್ನಾನ್ ಪ್ರಾಂತದ ಕುನ್‌ಮಿಂಗ್ ನಗರಕ್ಕೆ ಹೊರಟವು. ಕೆಲವರು ಹಾಂಗ್‌ಕಾಂಗ್ ಮಾರ್ಗವಾಗಿ ಹಡಗಿನಲ್ಲಿಯೂ ರೈಲಿನಲ್ಲಿಯೂ ಹೋದರು. 250ಕ್ಕೂ ಮಿಕ್ಕಿದ ವಿದ್ಯಾರ್ಥಿಗಳೂ 11 ಮಂದಿ ಅಧ್ಯಾಪಕರೂ 68 ದಿನಗಳಲ್ಲಿ ಸುಮಾರು 1,600 ಕಿಲೋಮೀಟರು ದಾರಿಯನ್ನು ಬಹುಪಾಲು ಕಾಲ್ನಡಿಗೆಯಿಂದಲೇ ಸವೆಸಿದರು.

ಅಲ್ಲಿ ತಲೆಯೆತ್ತಿದ ನೈಋತ್ಯ ಸಂಯುಕ್ತ ವಿಶ್ವವಿದ್ಯಾಲಯಕ್ಕೆ ಇದ್ದುದು ಮಣ್ಣಿನ ಗೋಡೆ, ತಗಡಿನ ಮಾಡು. ವಿದ್ಯಾರ್ಥಿಗಳು ಮಲಗುವ ಕೊಠಡಿಗಳಿಗೆ ತಗಡೂ ಇಲ್ಲ, ಹುಲ್ಲು ಹೊದಿಕೆ. ಮಳೆ ಬಂದರೆ ತಗಡಿನ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ವಿಮಾನದಾಳಿಯ ಎಚ್ಚರಿಕೆ ಮೊಳಗಿದೊಡನೆ ಗುರುಶಿಷ್ಯರೆಲ್ಲರೂ ಊರ ಹೊರಗಿನ ಗುಡ್ಡಗಳತ್ತ ಓಡಬೇಕು. 1940 ಮತ್ತು 1941ರಲ್ಲಿ ಬಾಂಬುಗಳು ವಿದ್ಯಾಲಯದ ಮೇಲೆಯೇ ಬಿದ್ದವು. ಆದರೂ ತರಗತಿಗಳು ನಿಲ್ಲಲಿಲ್ಲ.

ಅಡಿಗೆಮನೆಯ ಸ್ಥಿತಿಯನ್ನು ಕೇಳಿರಿ. ಚೀನೀಯರಲ್ಲಿ ಎಂಟು ಬಗೆಯ ಒಳ್ಳೆಯ ಪದಾರ್ಥಗಳನ್ನು ಬೆರಸಿ ಮಾಡುವ ಹಬ್ಬದ ಸಿಹಿಯನ್ನವೊಂದುಂಟು. ಹೊಟ್ಟು, ಮರಳು, ಕಲ್ಲು, ಇಲಿಯ ಹಿಕ್ಕೆಗಳು ಕೂಡಿದ ತಮ್ಮ ದಿನದ ಅನ್ನಕ್ಕೆ ವಿದ್ಯಾರ್ಥಿಗಳು ಆ ಸಿಹಿಯನ್ನದ ಹೆಸರನ್ನೇ ಇಟ್ಟು ನಕ್ಕು ಉಂಡರು. ಬೆಲೆಗಳು ಏರಿದಂತೆ ಅಧ್ಯಾಪಕರ ಸಂಬಳ ನಾಮಮಾತ್ರವಾಯಿತು. ಕವಿಯೂ ಪಂಡಿತರೂ ಆಗಿದ್ದ ವೆನ್ ಯಿದುವೊ ಅವರು ಮುದ್ರೆಗಳನ್ನು ಕೆತ್ತಿ ಕೊಟ್ಟು ಸಂಸಾರ ಸಾಗಿಸಿದರು. ವಿದ್ಯಾಲಯದ ಆಡಳಿತವನ್ನು ಹೊತ್ತಿದ್ದ ಮೇಯ್ ಯಿಚಿ ಅವರ ಪತ್ನಿ, ತಾನಾರೆಂಬುದನ್ನು ಹೇಳಿಕೊಳ್ಳದೆ, ಅಕ್ಕಿಹಿಟ್ಟಿನ ತಿಂಡಿ ಮಾಡಿ ಮಾರಿದರು. ತಿಂಡಿ ಮಾರುವುದನ್ನು ಕೀಳು ಕಸುಬೆನ್ನುವ ಪದವೀಧರರು ಇದನ್ನೊಮ್ಮೆ ಓದಿಕೊಳ್ಳಲಿ.

ಆದರೆ ನಮ್ಮ ಮನಸ್ಸನ್ನು ಹೆಚ್ಚು ಹಿಡಿದುದು ಕುನ್‌ಮಿಂಗಿನ ಚಹದಂಗಡಿಗಳು. ಗ್ರಂಥಾಲಯದಲ್ಲಿ ಪುಸ್ತಕವೂ ಕಡಿಮೆ, ಕುಳಿತುಕೊಳ್ಳಲು ಸ್ಥಳವೂ ಕಡಿಮೆ. ವಿದ್ಯಾರ್ಥಿಗಳು ಸಮೀಪದ ಬೀದಿಗಳ ಚಹದಂಗಡಿಗಳನ್ನು ಸೇರಿಕೊಂಡರು. ಒಂದು ಬಟ್ಟಲು ಚಹಕ್ಕೆ ಹಣ ಕೊಟ್ಟು ದಿನವೆಲ್ಲ ಕುಳಿತರು. ಅಂಗಡಿಯವರು ಅದೇ ಎಲೆಯ ಮೇಲೆ ಬಿಸಿನೀರು ಹೊಯ್ಯುತ್ತಲೇ ಇದ್ದರು. ಅಲ್ಲಿಯೇ ಪಾಠ ಬರೆದರು, ವಾದ ಮಾಡಿದರು, ಪರೀಕ್ಷೆಗೆ ಓದಿದರು. ಗಲ್ಲೆಯ ಮೇಲೆ ವರ್ಷಗಟ್ಟಲೆ ಕುಳಿತ ನಮಗೆ, ಒಂದು ಮೇಜು ಎರಡು ತಾಸು ಸುಮ್ಮನೆ ತುಂಬಿದ್ದರೆ ಆಗುವ ನಷ್ಟವೆಷ್ಟೆಂಬುದು ಚೆನ್ನಾಗಿ ಗೊತ್ತು. ಆ ಅಂಗಡಿಕಾರರಾರೂ ಶ್ರೀಮಂತರಲ್ಲ. ಬೆಲೆಯೇರಿಕೆ ಅವರನ್ನೂ ಬಿಟ್ಟಿರಲಿಲ್ಲ. ಸರಕಾರದ ಅನುದಾನದ ಲೆಕ್ಕ ಕಡತಗಳಲ್ಲಿ ದೊರೆಯುತ್ತದೆ. ಇವರು ಕೊಟ್ಟ ಮೇಜಿನ ಲೆಕ್ಕವನ್ನು ಇಟ್ಟವರಾರು?

ಎಂಟು ವರ್ಷಗಳಲ್ಲಿ ಸುಮಾರು 8,000 ವಿದ್ಯಾರ್ಥಿಗಳು ಅಲ್ಲಿ ಕಲಿತರು. ಪದವಿ ಪಡೆದವರು ಅದರಲ್ಲಿ ಅರ್ಧದಷ್ಟೂ ಇಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಲವರು ಸೈನ್ಯಕ್ಕೆ ಹೋದರು, ಹಲವರನ್ನು ಹೊಟ್ಟೆಪಾಡು ಎಳೆದುಕೊಂಡಿತು. ಸೈನ್ಯ ಸೇರಿದ 800ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. 1957ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದ ಯಾಂಗ್ ಮತ್ತು ಲೀ ಇಬ್ಬರೂ ಈ ತಗಡಿನ ಮಾಡಿನಡಿ ಓದಿದವರೇ. 1946ರಲ್ಲಿ ಮೂರು ವಿಶ್ವವಿದ್ಯಾಲಯಗಳೂ ತಮ್ಮ ತಮ್ಮ ಊರಿಗೆ ಮರಳಿದವು. ಶಿಕ್ಷಕರ ಕಾಲೇಜನ್ನು ಮಾತ್ರ ಕುನ್‌ಮಿಂಗಿಗೇ ಬಿಟ್ಟುಹೋದರು. ಅದು ಈಗ ಯುನ್ನಾನ್ ನಾರ್ಮಲ್ ವಿಶ್ವವಿದ್ಯಾಲಯ.

ಇದನ್ನು ಮುಂಬಯಿಯ ಕನ್ನಡಿಗರಿಗೆ ಹೇಳಲು ಕಾರಣವುಂಟು. ನಮ್ಮ ಮೇಲೆ ಬಾಂಬು ಬೀಳುತ್ತಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರೂ ವಕೀಲರೂ ಆದವರು ಈ ನಗರದಲ್ಲಿ ಬಹಳ ಮಂದಿ ಇದ್ದಾರೆ. ಸಂಜೆ ಹುಡುಗನನ್ನು ಶಾಲೆಗೆ ಬಿಟ್ಟುಕೊಟ್ಟ ಧಣಿ ಇದ್ದುದರಿಂದಲೇ ಅದು ಸಾಧ್ಯವಾಯಿತು. ಇಂದು ಕನ್ನಡ ರಾತ್ರಿಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಉಳಿದವು ಯಾವ ಭಾಷೆಯವೇ ಆಗಿರಲಿ, ಅಲ್ಲಿಗೆ ಹೋಗಬಯಸುವ ಹುಡುಗನಿಗೆ ಸಂಜೆಯ ಗಿರಾಕಿಯ ನೆಪ ಹೇಳಿ ತಡೆಯುವ ಧಣಿಗಳು ನಮ್ಮಲ್ಲಿರುವುದು ನಮಗೆ ತಿಳಿದಿದೆ. ಜೂನ್ ತಿಂಗಳಲ್ಲಿ ತರಗತಿಗಳು ತೆರೆಯುವ ಮೊದಲೇ ಅವರು ಪಾಳಿಯನ್ನು ಬದಲಿಸಿಕೊಡಬೇಕು. ರಾತ್ರಿ ಮೇಜುಗಳನ್ನು ಒರಸಿದ ಮೇಲೆ ಹಿಂದಿನ ಮೂಲೆಯ ದೀಪವೊಂದನ್ನು ಹನ್ನೊಂದು ಗಂಟೆಯವರೆಗೆ ಉರಿಯಗೊಡಬೇಕು. ಆ ದೀಪದ ಖರ್ಚನ್ನು ಹುಡುಗನ ಸಂಬಳದಲ್ಲಿ ಹಿಡಿಯಬಾರದು.